ನಮ್ಮ ಮನೆಯಲ್ಲಿ ಚೀನಾದ ನಾತಾಳ

ಚೀನಾ ದೇಶದ ಬಗ್ಗೆ ವಿಜಾಪುರದಲ್ಲಿ ಯಾರಿಗಾದರೂ ಏನಾದರೂ ತಿಳಿಯಬೇಕಿದ್ದರೆ ಅವರು ನನ್ನನ್ನೇ ಕೇಳಬೇಕು ಎಂಬುದು ಆಗ ನನ್ನ ದೃಢವಾದ ನಂಬಿಕೆಯಾಗಿತ್ತು. ಯಾರೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ. ನಾನು ಶಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ. ಗೋಡೆಯ ಮೇಲಿನ ಏಶಿಯಾ ಖಂಡದ ನಕಾಶೆಯಲ್ಲಿ ಬೆತ್ತದ ತುದಿ ಹಿಡಿದು ಯಾಂಗ್‌ಟ್ಸೆ ನದಿಯಗುಂಟ ಎಷ್ಟು ಸಲ ಓಡಾಡಿದ್ದೆನೆಂದರೆ, ಆ ಜಾಗದಲ್ಲಿ ನಕಾಶೆ ಹರಿದು ಹಿಂದಿನ ಗೋಡೆ ಕಾಣುತ್ತಿತ್ತು. ಚೀನಾದಲ್ಲಿ ರೇಶ್ಮೆ ಎಲ್ಲಿ ಬೆಳೆಯುತ್ತದೆ, ಚಹಾ ಎಲ್ಲಿ ಬೆಳೆಯುತ್ತದೆ, ಹಿಮ ಎಲ್ಲಿ ಬೀಳುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವನಾಗಿದ್ದೆ. ನನ್ನ ಹೆಂಡತಿ ಶಾಂತವ್ವ ನಿದ್ದೆಯಲ್ಲಿ ಎಬ್ಬಿಸಿ ಕೇಳುತ್ತಿದ್ದುದು ಮಾತ್ರ, ಬಾಗಿಲ ಅಗಳಿ ಹಾಕಿದಿರೋ ಇಲ್ಲವೋ ಎಂದು.

ಇಂಥ ಪಂಡಿತನಿರುವ ಊರಿಗೆ ಸಾಕ್ಷಾತ್ ಚೀನಾ ದೇಶದವರೇ ಒಬ್ಬರು ಬಂದು ಅಂಗಡಿ ಇಟ್ಟರೆ ಹೇಗಾಗಿರಬೇಡ! ಅವರೇ ಡಾಕ್ಟರ್ ವಾಂಗ್. ಸ್ಟೇಶನ್ ರಸ್ತೆಯಲ್ಲಿ ಎರಡು ಖೋಲಿ ಹಿಡಿದು, ಹೊರಗೆ ಕಲ್ಲಂಗಡಿಯಷ್ಟು ದೊಡ್ಡ ಹಲ್ಲಿನ ಚಿತ್ರ ಬರೆಸಿ, ಹಲ್ಲು ಕೀಳುವುದು, ಹಲ್ಲು ಕಟ್ಟುವುದು ಎರಡನ್ನೂ ಮಾಡುತ್ತಿದ್ದರು. ಯುದ್ಧದ ಕಾಲ. ಸಕ್ಕರೆಗೆ ರೇಶನ್, ಸೀಮೆಎಣ್ಣೆಗೆ ರೇಶನ್; ಹಲ್ಲುನೋವಿಗೆ ಮಾತ್ರ ರೇಶನ್ ಇರಲಿಲ್ಲವಾದ್ದರಿಂದ ಅವರ ಅಂಗಡಿ ಚೆನ್ನಾಗಿಯೇ ನಡೆದಿತ್ತು. ಅವರ ಕನ್ನಡವೆಲ್ಲ ರೋಗಿಗಳಿಂದ ಕಲಿತದ್ದು. ಅದರಲ್ಲಿ ನೋವು, ಬಾವು, ಉಗುಳುವುದು ಇವಕ್ಕೆ ಸಂಬಂಧಿಸಿದ ಮಾತುಗಳೇ ಹೆಚ್ಚು. ಮಿಕ್ಕದ್ದಕ್ಕೆ ಹಿಂದೂಸ್ತಾನಿ ಬೆರೆಸಿ ಸಾಗಿಸುತ್ತಿದ್ದರು.

ನಾನು ನನ್ನ ಮಾವನನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ಮಾವನವರು ಬಬಲೇಶ್ವರದ ಒಕ್ಕಲಿಗರು, ಎಪ್ಪತ್ತರ ಹತ್ತಿರ ವಯಸ್ಸು, ಬಾಯಲ್ಲಿ ಒಂದೂ ಹಲ್ಲಿಲ್ಲ. ಡಾಕ್ಟರ್ ವಾಂಗ್ ಅಳತೆ ತೆಗೆದುಕೊಂಡು ಮೊದಲು ಕೆಳಗಿನ ಸಾಲು ಮಾಡಿಕೊಟ್ಟರು. ಮೇಲಿನದು ಆಗುವವರೆಗೆ ಮಾವ ನಮ್ಮ ಮನೆಯಲ್ಲೇ ಉಳಿದರು. ಕೆಳಗಿನ ದವಡೆ ಇಪ್ಪತ್ತರ ತರುಣನದು, ಮೇಲಿನದು ಎಪ್ಪತ್ತರ ಮುದುಕನದು. ಇದರಿಂದ ಅವರು ನಕ್ಕರೆ ಓಣಿಯ ನಾಯಿಗಳು ಬೊಗಳುತ್ತಿದ್ದವು.

"ಅಳಿಯಂದ್ರ, ನನಗ ಮತ್ತೇನೂ ಬ್ಯಾಡ್ರಿ. ಎಳ್ಳಮಾಸಿ ದಿನ ಹೊಲದಾಗ ಕುಂತು ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಕಟಂ ಅನ್ನಿಸಿ ಕಡೀಬೇಕು. ಆಮ್ಯಾಲ ಸತ್ತರೂ ಚಿಂತಿಲ್ಲ" ಎನ್ನುತ್ತಿದ್ದರು ಮಾವ. ದಿನಾ ಎನ್ನುತ್ತಿದ್ದರು. ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ. ಆ ಮುದುಕರಿಗೆ ಮೇಲಿನ ಹಲ್ಲು ಬರುವವರೆಗೆ ನನಗೂ ನೆಮ್ಮದಿ ಇರಲಿಲ್ಲ.

ಡಿಸೆಂಬರ್ ತಿಂಗಳ ಚಳಿಯಲ್ಲಿ ಒಂದು ದಿನ ಮೇಲಿನ ಸಾಲು ಎಲ್ಲಿಗೆ ಬಂತೆಂದು ವಿಚಾರಿಸಲು ಹೋದರೆ, ಡಾಕ್ಟರು ಸಾಮಾನು ಕಟ್ಟುತ್ತಿದ್ದಾರೆ!

"ಏನ್ರಿ ಡಾಕ್ಟರ್, ಎಲ್ಲಿಗ್ರೀ?"

"ಕಲ್ಕತ್ತಾ. ನನ್ನ ಮನಿಯಾಕಿ ಅಳತಾಳ, ಮಾಸ್ತರ. ದಿನಾ ಅಳತಾಳ. ನಾತಾಳ ಬಂತು. ಕಲ್ಕತ್ತಾದಾಗ ಆಕಿ ಅಕ್ಕ ಇದ್ದಾಳ, ಚೀನಾ ಮಂದಿ ಐತಿ, ಚೀನಾ ಊಟ ಐತಿ. ಇಲ್ಲಿ ಏನೂ ಇಲ್ಲ."

ಅವರು ಗಂಡ-ಹೆಂಡತಿ ಕ್ರಿಸ್ತರು; ನಾತಾಳವೆಂದರೆ ಅವರ ಕ್ರಿಸ್‌ಮಸ್ ಹಬ್ಬ. ಹೆಂಡತಿಯ ಹೆಸರು ಮೇರಿ, ಓಣಿಯವರಿಗೆ ಮೇರಿಬಾಯಿ. ಆ ವರ್ಷದ ಮಳೆಗಾಲದಲ್ಲಿ ಕಲ್ಕತ್ತೆಯಿಂದ ಬಂದವರು. ರವಿವಾರ ಇಲ್ಲಿಯ ಚರ್ಚಿಗೆ ಹೋಗುತ್ತಿದ್ದರು, ಆದರೆ ಅಲ್ಲಿ ಎಲ್ಲ ಕನ್ನಡ. ಕೂತು ಎದ್ದು ಬರುವುದಷ್ಟೇ. ಹೋದರೆ ತಿರುಗಿ ಬರುತ್ತೀರಾ ಎಂದು ಕೇಳಿದೆ. ಡಾಕ್ಟರು ಹಲ್ಲು ಕೀಳುವ ಇಕ್ಕಳಗಳನ್ನು ಒಂದೊಂದಾಗಿ ಅರಿವೆಯಲ್ಲಿ ಸುತ್ತತೊಡಗಿದರು. ನನ್ನ ಕಣ್ಣ ಮುಂದೆ ಮಾವನ ಖಾಲಿ ಮೇಲ್ದವಡೆ ಬಂದು ನಿಂತಿತು.

"ಡಾಕ್ಟರ್, ಒಂದ ಮಾತು. ವಿಜಾಪುರದಾಗ ಚೀನಾದ ನಾತಾಳ ಆತು ಅಂದ್ರ ನೀವು ಉಳೀತೀರೇನು?"

"ಯಾರು ಮಾಡ್ತಾರ?"

"ನಾ ಮಾಡ್ತೀನಿ!"

ಡಾಕ್ಟರು ಒಳಗೆ ಹೋಗಿ ಹೆಂಡತಿಯ ಜೊತೆ ಮಾತಾಡಿ ಬಂದರು. ನಾತಾಳ ನಾತಾಳದ ಹಾಗೆ ಆದರೆ ಮೇರಿಬಾಯಿ ಇರುತ್ತಾರೆ, ಇಲ್ಲವಾದರೆ ಮರುದಿನದ ಗಾಡಿಗೆ ಇಬ್ಬರೂ ಕಲ್ಕತ್ತೆಗೆ. ಒಪ್ಪಂದ ಅಷ್ಟೇ.

ನಾನು ಅಲ್ಲೇ ಕುಳಿತು, ತಜ್ಞನೊಬ್ಬ ಇನ್ನೊಬ್ಬ ತಜ್ಞನೊಡನೆ ಮಾತಾಡುವ ಗಾಂಭೀರ್ಯದಿಂದ, ಅವರ ಹಬ್ಬದ ಬಗ್ಗೆ ವಿಚಾರಿಸಿದೆ. ನಿಜ ಹೇಳುತ್ತೇನೆ, ಕೇಳುತ್ತ ಕೇಳುತ್ತ ಮೈಮರೆತೆ. ಚೀನಾದ ಕ್ರಿಸ್ತರು ಮನೆಯಲ್ಲಿ ಒಂದು ಗಿಡ ನಿಲ್ಲಿಸುತ್ತಾರಂತೆ. ಅದಕ್ಕೆ ಬೆಳಕಿನ ಗಿಡ ಎಂದು ಹೆಸರು. ಅದಕ್ಕೆ ಕಾಗದದ ಹೂವು, ಕಾಗದದ ಸರಪಳಿ, ಕಾಗದದ ಕಂದೀಲು ತೂಗುಹಾಕುತ್ತಾರಂತೆ. ಯೇಸುಸ್ವಾಮಿಯ ಹುಟ್ಟಿದ ದಿನವಲ್ಲವೇ, ಅವರಲ್ಲಿ ಹುಟ್ಟಿದ ದಿನ ಹಿಟ್ಟಿನ ಎಳೆಗಳನ್ನು ಬೇಯಿಸಿ ತಿನ್ನುತ್ತಾರೆ, ಅದಕ್ಕೇ ಆ ದಿನವೂ ತಿನ್ನುತ್ತಾರೆ. ಕಣಕದೊಳಗೆ ಪಲ್ಯ ತುಂಬಿ ಹಬೆಯಲ್ಲಿ ಬೇಯಿಸಿದ ಪುಟ್ಟ ಪುಟ್ಟ ಕಡಬು ಮಾಡುತ್ತಾರೆ. ಮನೆಯವರೆಲ್ಲ ಸುತ್ತ ಕುಳಿತು ಹರಟೆ ಹೊಡೆಯುತ್ತ ಕಡಬು ಮಡಚುವುದೇ ಅರ್ಧ ಹಬ್ಬ.

"ಬಣ್ಣ ಮಾತ್ರ, ಮಾಸ್ತರ..." ಎಂದು ಡಾಕ್ಟರು ಇನ್ನೇನೋ ಹೇಳಹೊರಟರು.

"ಬಿಡ್ರಿ, ಬಿಡ್ರಿ! ಉಳಿದದ್ದೆಲ್ಲಾ ನನಗ ಗೊತ್ತೈತಿ" ಎಂದು ಎದ್ದೇ ಬಿಟ್ಟೆ. ಎಲ್ಲವನ್ನೂ ಅವರಿಂದಲೇ ಕೇಳಿ ತಿಳಿದರೆ ಭೂಗೋಳದ ಮಾಸ್ತರ ಇದ್ದು ಪ್ರಯೋಜನವೇನು?

ಮನೆಗೆ ಬಂದು ಶಾಂತವ್ವನಿಗೆ ಸುದ್ದಿ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ನಾಗರ ಪಂಚಮಿಗೆ ಒಂದು ಉಂಡಿ ಕಟ್ಟಾಕ ಬರಂಗಿಲ್ಲ ನಿಮಗ. ಚೀನಾದವರ ಹಬ್ಬ ಮಾಡ್ತೀರೇನು?"

"ನಿನಗ ತಿಳಿಯಂಗಿಲ್ಲ. ಇದು ಅಂತರರಾಷ್ಟ್ರೀಯ ವಿಷಯ."

"ಹಂಗಾದ್ರ ಪಾತ್ರೆ ತೊಳೆಯೋರು ಯಾರು, ಅದನ್ನೂ ಹೇಳ್ರಿ" ಎಂದಳು.

ಮೊದಲ ಪ್ರಶ್ನೆ ಗಿಡದ್ದು. ನಾತಾಳಕ್ಕೆ ನಿಲ್ಲಿಸುವ ದೇವದಾರು ಗಿಡ ವಿಜಾಪುರದಲ್ಲಿ ಎಲ್ಲಿ ಸಿಗಬೇಕು? ನಮ್ಮ ಗೋಳಗುಮ್ಮಟದ ಸುತ್ತ ಬೇವು, ಹುಣಸೆ ಬಿಟ್ಟರೆ ಬೇರೆ ಇಲ್ಲ. ಪಕ್ಕದ ಮನೆಯ ಇಮಾಮಸಾಬ ಚಕ್ಕಡಿ ಹೊಡೆದುಕೊಂಡು ತಿಕೋಟಾಕ್ಕೆ ಹೊರಟಿದ್ದ. ಬರುವಾಗ ಒಂದು ಒಳ್ಳೆಯ ಜಾಲಿಯ ಗಿಡ ಕಡಿದುಕೊಂಡು ಬಾ ಎಂದು ಹೇಳಿದೆ.

"ಜಾಲಿ? ಮುಳ್ಳು ಅದಾವಲ್ರಿ ಮಾಸ್ತರ!"

"ಅದಕ್ಕ ಅದು ಬೇಕು. ಕಂದೀಲು ಕಟ್ಟಾಕ ದಾರ ಬೇಕಾಗಂಗಿಲ್ಲ, ಮುಳ್ಳಿಗೆ ಸಿಗಿಸಿದ್ರ ಆತು!"

ಈ ವಿಚಾರ ನನಗೇ ಎಷ್ಟು ಮೆಚ್ಚುಗೆಯಾಯಿತೆಂದರೆ ದಿನವಿಡೀ ಅದನ್ನು ನೆನೆದು ನೆನೆದು ಸಂತೋಷಪಟ್ಟೆ. ಸಂಜೆ ಗಿಡ ಬಂತು. ಇಳಿಸಿಟ್ಟು ಇಮಾಮಸಾಬನಿಗೆ ಚಹಾ ಕೊಡಲು ಒಳಗೆ ಕರೆದುಕೊಂಡು ಹೋದೆ. ಹೊರಗೆ ಬಂದು ನೋಡಿದರೆ ಅವನದೇ ಆಡು ನಮ್ಮ ಬೆಳಕಿನ ಗಿಡದ ಕೊನೆಯ ಎಲೆಯನ್ನು ಬಾಯಲ್ಲಿಟ್ಟುಕೊಂಡು ನನ್ನತ್ತ ನೋಡುತ್ತಿತ್ತು. ಗಿಡದಲ್ಲಿ ಉಳಿದದ್ದು ಮುಳ್ಳು ಮಾತ್ರ.

"ಬೇ, ಹಾಳಾದಕಿ!" ಎಂದು ಇಮಾಮಸಾಬ ಆಡಿನ ಹಿಂದೆ ಓಡಿದ. ನಾನು ಎದೆಗುಂದಲಿಲ್ಲ. ನಾತಾಳವೆಂದರೆ ಹಿಮದ ಕಾಲ. ಹಿಮದ ನಾಡಿನಲ್ಲಿ ಗಿಡಕ್ಕೆ ಎಲೆ ಎಲ್ಲಿರುತ್ತದೆ? ಹತ್ತಿ ತಂದು ಮುಳ್ಳುಮುಳ್ಳಿಗೂ ಅಂಟಿಸಿದೆ. ನಮ್ಮ ಸೀಮೆಯಲ್ಲಿ ಹತ್ತಿಗೇನು ಬರವೇ! ಅರ್ಧ ಗಳಿಗೆಯಲ್ಲಿ ಗಿಡ ಬೆಳ್ಳಗಾಗಿ, ಉತ್ತರ ಚೀನಾದ ಒಂದು ತುಂಡು ನಮ್ಮ ಪಡಸಾಲೆಗೆ ಬಂದು ನಿಂತಂತಾಯಿತು.

ಕಂದೀಲು ಮಾಡುವ ಕೆಲಸವನ್ನೂ ಇಮಾಮಸಾಬನಿಗೇ ಒಪ್ಪಿಸಿದೆ. ಮೊಹರಮ್ಮಿಗೆ ತಾಬೂತು ಕಟ್ಟುವ ಕೈ ಅವನದು. ಬಿದಿರಿನ ಸೀಳು, ಕಾಗದ, ಅಂಟು ಕೊಟ್ಟರೆ ಗೋಳಗುಮ್ಮಟವನ್ನೇ ಕಟ್ಟಿ ಕೊಟ್ಟಾನು. ಆದರೆ ಯುದ್ಧದ ದಿನ, ಬಣ್ಣದ ಕಾಗದ ಪೇಟೆಯಲ್ಲಿ ಸಿಗದು.

"ಬರೇ ಬಿಳಿ ಹಾಳಿ ಅದಾವ್ರಿ ಮಾಸ್ತರ" ಎಂದ.

"ಬಿಳೀನ ಬೇಕು! ಹಿಮದ ಬಣ್ಣ ಯಾವುದು ಹೇಳು?"

"ನಾ ಎಲ್ಲಿ ನೋಡೀನ್ರಿ?"

"ನಾನೂ ನೋಡಿಲ್ಲ. ಆದರ ಬಿಳಿ ಐತಿ."

ಬಿಳಿ ಎಂದು ಒಮ್ಮೆ ನಿರ್ಧಾರವಾದ ಮೇಲೆ ನನ್ನನ್ನು ಯಾರೂ ತಡೆಯುವಂತಿರಲಿಲ್ಲ. ಬಿಳಿ ಕಂದೀಲು, ಬಿಳಿ ಸರಪಳಿ. ಗೋಡೆಗೆ ನನ್ನ ಮತ್ತು ಮಾವನ ಧೋತರಗಳನ್ನು ಮಡಿಕೆ ಹೊಡೆದು ತೂಗುಬಿಟ್ಟೆ. ಶಾವಂತಿಗೆಯ ಕಾಲ; ಹಳದಿ ಹೂವು ಬೇಡವೆಂದು ಆರಿಸಿ ಆರಿಸಿ ಬಿಳಿ ಶಾವಂತಿಗೆ ತಂದು ಬಾಗಿಲ ಮೇಲೆಲ್ಲ ಇಳಿಬಿಟ್ಟೆ. ಬಣ್ಣದ ಸಾಮರಸ್ಯವೆಂದರೆ ಹೀಗಿರಬೇಕು ಎಂದು ಸ್ವತಃ ನನಗೇ ಅನ್ನಿಸಿತು.

ಹಬ್ಬದ ದಿನ ಬೆಳಿಗ್ಗೆ ಅಡುಗೆಮನೆಗೆ ನುಗ್ಗಿದೆ. ಹಿಟ್ಟಿನ ಎಳೆಗೆ ಬದಲಾಗಿ ಶಾಂತವ್ವ ತಾನೇ ಹೊಸೆದು ಕೋಲಿನ ಮೇಲೆ ಒಣಗಿಸಿದ ಶ್ಯಾವಿಗೆ ಇತ್ತು. ಒಂದೊಂದು ಎಳೆಯೂ ಮೊಳದುದ್ದ.

"ಉದ್ದಾನ ಇರಲೇನ್ರಿ?"

"ಛೆ ಛೆ, ಬಂದವರಿಗೆ ತ್ರಾಸ ಆಗಬಾರದು. ಸಣ್ಣಾಗಿ ಮುರಿ."

"ಅವರು ಹೆಂಗ ತಿಂತಾರೋ ಒಂದ ಮಾತು ಕೇಳಬೇಕಿತ್ತು ನೀವು."

"ಮುರಿ ಅಂದ್ರ ಮುರಿ!" ಎಂದೆ. ಮುರಿದಳು. ಒಂದು ಸಿವುಡನ್ನು ಮಾತ್ರ ಮುರಿಯದೆ, ನನ್ನ ಕಣ್ಣು ತಪ್ಪಿಸಿ ಗೋಡೆಯ ಮಾಡದಲ್ಲಿ ಇಟ್ಟದ್ದು ನನಗೆ ತಿಳಿಯಲಿಲ್ಲ. ಆಮೇಲೆ ಊದಿನಕಡ್ಡಿಗೆ ಜಾಗ ಹುಡುಕಿದೆ. ಚುಚ್ಚಲು ಬಾಳೆಹಣ್ಣು ಇರಲಿಲ್ಲ. ಸರಿ, ಬೋಗುಣಿಯಲ್ಲಿ ಅಕ್ಕಿ ತುಂಬಿ ನಡುವೆ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ಹಚ್ಚಿದೆ. ಹೊಗೆ ಸುರುಳಿ ಸುರುಳಿಯಾಗಿ ಏರಿತು.

ಇನ್ನು ಮಾವ. ಚೀನಾದಲ್ಲಿ ಹಿರಿಯರಿಗೆ ಬಹಳ ಮರ್ಯಾದೆ ಎಂದು ಎಲ್ಲೋ ಓದಿದ್ದೆ. ಬಂದವರಿಗೆ ಮೊದಲು ಹಿರಿಯರೇ ಕಣ್ಣಿಗೆ ಬೀಳಲಿ ಎಂದು ಪಡಸಾಲೆಯ ನಡುವೆ, ಬಾಗಿಲಿಗೆ ಎದುರಾಗಿ ಹೊರಸು ಹಾಕಿ ಮಾವನನ್ನು ಕೂರಿಸಿದೆ. ತಲೆಗೆ ಬಿಳಿ ರುಮಾಲು, ಕೊರಳಿಗೆ ಬಿಳಿ ಶಾವಂತಿಗೆಯ ಮಾಲೆ. ಮುಂದೆ ಊದಿನಕಡ್ಡಿಯ ಬೋಗುಣಿ ಇಟ್ಟೆ.

"ಅಳಿಯಂದ್ರ, ಥಂಡಿ ಭಾಳ ಐತ್ರಿ."

ಬಿಳಿ ಧೋತರವೊಂದನ್ನು ಹೊದಿಸಿದೆ. ಮುದುಕರು ಕೆಳಗಿನ ಹಲ್ಲಿನ ಸಾಲು ತೆಗೆದು ಪಕ್ಕದ ನೀರಿನ ಬಟ್ಟಲಲ್ಲಿ ಹಾಕಿ, ಕಾದು ಕಾದು, ಕುಳಿತಲ್ಲೇ ಹಿಂದಕ್ಕೆ ವಾಲಿ, ಕೈಕಾಲು ನೀಡಿ, ಬಾಯಿ ತೆರೆದು ಮಲಗಿಬಿಟ್ಟರು. ಎಬ್ಬಿಸುವುದು ಬೇಡವೆನಿಸಿತು. ಮಲಗಿದಾಗಲೂ ಅವರಲ್ಲಿ ಒಂದು ಗಾಂಭೀರ್ಯವಿತ್ತು.

ಡಾಕ್ಟರು ಮತ್ತು ಮೇರಿಬಾಯಿ ಬಂದರು. ಮೇರಿಬಾಯಿ ಕೆಂಪು ರೇಶ್ಮೆಯ ಉದ್ದ ಅಂಗಿ ತೊಟ್ಟಿದ್ದರು, ತಲೆಯಲ್ಲಿ ಕೆಂಪು ಹೂವು, ಕೈಯಲ್ಲಿ ಕೆಂಪು ಕಾಗದದ ಗಂಟು. ಬಾಗಿಲಲ್ಲಿ ನಗುತ್ತ ಕಾಲಿಟ್ಟವರು ಅಲ್ಲೇ ನಿಂತರು. ಬಿಳಿ ಕಂದೀಲು ನೋಡಿದರು. ಬಿಳಿ ಹೂವು ನೋಡಿದರು. ಹೊರಸಿನ ಮೇಲಿದ್ದವರನ್ನು ನೋಡಿದರು. ಕೈ ಮೆಲ್ಲಗೆ ತಲೆಗೆ ಹೋಗಿ ಕೆಂಪು ಹೂವನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಿತು. ಡಾಕ್ಟರು ತಮ್ಮ ಕಪ್ಪು ಕೋಟು ಬಿಚ್ಚಿ ಆಕೆಯ ಕೆಂಪು ಅಂಗಿಯ ಮೇಲೆ ಹೊದಿಸಿ, ಟೊಪ್ಪಿಗೆ ತೆಗೆದು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನ್ನ ಅಲಂಕಾರ ಅವರ ಹೃದಯವನ್ನೇ ಮುಟ್ಟಿತಲ್ಲ ಎಂದು ನಾನು ಹಿಗ್ಗಿದೆ.

"ಯಾವಾಗ ಆತು, ಮಾಸ್ತರ?"

"ನಸುಕಿನಿಂದ ಚಾಲೂ ಇತ್ರಿ. ಈಗ ಮುಗೀತು ನೋಡ್ರಿ!"

"ಭಾಳ ತ್ರಾಸ ಆತೇನು?"

"ತ್ರಾಸ ಏನು ಬಂತ್ರಿ! ಎಲ್ಲಾ ನಾ ಒಬ್ಬನ ಮಾಡಿದೆ."

ಡಾಕ್ಟರು ನನ್ನ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ದನಿ ತಗ್ಗಿಸಿ ಹೇಳಿದರು: "ಮ್ಯಾಲಿನ ಹಲ್ಲು ಅರ್ಧ ಆಗೈತಿ. ಇನ್ನ ಬ್ಯಾಡ, ಅಲ್ಲ?"

"ಯಾಕ ಬ್ಯಾಡ್ರೀ? ಪೂರಾ ಮಾಡ್ರಿ! ಎಳ್ಳಮಾಸಿಗೆ ಇವರು ಹೊಲದಾಗ ಕುಂತು ರೊಟ್ಟಿ ಕಡೀಬೇಕಲ್ಲ!"

ಡಾಕ್ಟರು ನನ್ನನ್ನು ನೋಡಿದ ನೋಟವನ್ನು ನಾನು ಗೌರವವೆಂದು ತಿಳಿದೆ. ದುಃಖದಿಂದ ತಲೆ ಕೆಟ್ಟವರನ್ನು ಜನ ಹಾಗೆ ನೋಡುತ್ತಾರೆಂದು ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಮೇರಿಬಾಯಿ ಹೊರಸಿನ ಮುಂದೆ ಹೋಗಿ ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ಮತ್ತೊಮ್ಮೆ ಬಾಗಿದರು. ನೋಡಿರಿ, ಹಿರಿಯರಿಗೆ ಎಂಥ ಮರ್ಯಾದೆ ಎಂದು ನಾನು ಮನಸ್ಸಿನಲ್ಲೇ ಚೀನಾ ದೇಶವನ್ನು ಹೊಗಳಿದೆ. ಮೂರನೆಯ ಸಲ ಬಾಗಿದಾಗ ಮಾವನಿಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಎದುರಿಗೆ ಯಾರೋ ಹೆಣ್ಣುಮಗಳು ತಲೆ ಬಾಗಿಸಿ ನಿಂತಿದ್ದಾಳೆ. ಹಿರಿಯರಾದವರು ಏನು ಮಾಡಬೇಕು? ಧೋತರದೊಳಗಿಂದ ಕೈ ಹೊರತೆಗೆದು ಆಕೆಯ ತಲೆಯ ಮೇಲಿಟ್ಟು, "ನೂರ ವರ್ಷ ಬಾಳವ್ವಾ!" ಎಂದರು.

ಆಮೇಲೆ ಕೇಳಿದ ಚೀರಾಟಕ್ಕೆ ಗೋಳಗುಮ್ಮಟ ಏಳು ಸಲ ಮಾರ್ದನಿ ಕೊಟ್ಟಿರಬೇಕು. ಮೇರಿಬಾಯಿ ಹಿಂದಕ್ಕೆ ನೆಗೆದು ಬೆಳಕಿನ ಗಿಡದೊಳಕ್ಕೆ ಬಿದ್ದರು. ಜಾಲಿಯ ಮುಳ್ಳು ತನ್ನ ಗುಣ ಬಿಡುತ್ತದೆಯೇ? ಕೋಟು ಹಿಡಿಯಿತು, ರೇಶ್ಮೆಯ ತೋಳು ಪರ್ರೆಂದು ಹರಿಯಿತು, ಹತ್ತಿ ಹಾರಾಡಿತು, ಕಂದೀಲು ಉರುಳಿದವು. ಡಾಕ್ಟರು ಚೀನೀ ಭಾಷೆಯಲ್ಲಿ ಏನೋ ಕೂಗಿದರು. ಮಾವ ಹಲ್ಲಿಗಾಗಿ ಬಟ್ಟಲು ತಡಕಾಡಿ ಅದನ್ನೂ ಚೆಲ್ಲಿದರು. ಶಾಂತವ್ವ ಸೌಟು ಹಿಡಿದುಕೊಂಡು ಹೊರಗೆ ಬಂದಳು.

"ಏನ ಮಾಡಿದ್ರೀ ನೀವು?" ಎಂದು ನನ್ನನ್ನೇ ಕೇಳಿದಳು. ಯಾರು, ಯಾಕೆ, ಹೇಗೆ ಎಂದು ಏನೂ ವಿಚಾರಿಸದೆ ನೇರವಾಗಿ ನನ್ನನ್ನೇ!

ಮುಳ್ಳಿನಿಂದ ಹೆಂಡತಿಯನ್ನು ಬಿಡಿಸುತ್ತ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಅವರ ದೇಶದಲ್ಲಿ ಮಂಗಳಕ್ಕೆ ಕೆಂಪು. ಬಿಳಿ ಎಂದರೆ ಸೂತಕದ ಮನೆ. ಬಿಳಿ ಕಂದೀಲು ತೂಗಿದ ಬಾಗಿಲಲ್ಲಿ ಹೆಣ ಇದೆ ಎಂದು ಅರ್ಥ. ಬಿಳಿ ಶಾವಂತಿಗೆ ಗೋರಿಗೆ ಇಡುವ ಹೂವು. ಬಟ್ಟಲಿನ ಅನ್ನದಲ್ಲಿ, ಅಕ್ಕಿಯಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿದರೆ ಅದು ಸತ್ತವರಿಗೆ ಇಟ್ಟ ಎಡೆ. ಮೂರು ಸಲ ಬಾಗುವುದು ಕೊನೆಯ ನಮಸ್ಕಾರ.

"ಮಾಸ್ತರ, ಕಲ್ಕತ್ತಾದಾಗ ಭಾಳ ಚೀನಾ ಮಂದಿ ಸತ್ತಾರ. ಇಷ್ಟು ಬರೋಬ್ಬರಿ ಯಾರೂ ಮಾಡಿಲ್ಲ" ಎಂದರು.

ಹುಟ್ಟಿದ ಹಬ್ಬ ಮಾಡಹೋಗಿ ನಾನು ಒಂದು ಕೊರತೆಯಿಲ್ಲದ ಶವಸಂಸ್ಕಾರ ಏರ್ಪಡಿಸಿದ್ದೆ! ಇನ್ನೊಂದು ಬೋಗುಣಿಯಲ್ಲಿದ್ದ ಶ್ಯಾವಿಗೆಯ ಚೂರು ನೋಡಿ ಡಾಕ್ಟರು ಇನ್ನೂ ಒಂದು ನಿಟ್ಟುಸಿರು ಬಿಟ್ಟರು. ಹುಟ್ಟಿದ ದಿನದ ಎಳೆ ಎಂದರೆ ಆಯುಷ್ಯದ ಎಳೆ, ಉದ್ದವಿದ್ದಷ್ಟೂ ಒಳ್ಳೆಯದು, ಅದನ್ನು ಮುರಿಯಬಾರದಂತೆ. ಅದೊಂದು ಉಳಿದಿತ್ತು, ಅದನ್ನೂ ನಾನು ಬಿಟ್ಟಿರಲಿಲ್ಲ.

ಮೇರಿಬಾಯಿ ನೆಲದ ಮೇಲೆ ಕುಳಿತು ಅಳುತ್ತಿದ್ದರು. ಮುಗಿಯಿತು, ನಾಳೆಯ ಗಾಡಿಗೆ ಇವರು ಹೋದ ಹಾಗೇ ಎಂದುಕೊಂಡೆ. ಮೇಲಿನ ಹಲ್ಲು ಕಲ್ಕತ್ತೆಗೆ, ಕೆಳಗಿನ ಹಲ್ಲು ಬಬಲೇಶ್ವರಕ್ಕೆ. ಮಾವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಆಕೆ ಅಳುತ್ತಲೇ ಗಂಡನಿಗೆ ಏನೋ ಹೇಳಿದರು. ಡಾಕ್ಟರು ಅದನ್ನು ನಮಗೆ ಹೇಳಿದರು. ಆಕೆಯ ತಂದೆ ಚೀನಾದಲ್ಲಿ, ಯುದ್ಧದ ಗದ್ದಲದಲ್ಲಿ ತೀರಿಹೋದರಂತೆ. ಸುದ್ದಿ ಕಲ್ಕತ್ತೆಗೆ ಮುಟ್ಟಿದಾಗ ಬಹಳ ತಡವಾಗಿತ್ತು. ಹೆಣ ನೋಡಲಿಲ್ಲ, ಬಿಳಿ ಉಡಲಿಲ್ಲ, ಮೂರು ಸಲ ಬಾಗಲಿಲ್ಲ. "ಈಗ ಬಾಗುವಾಗ ಆಕಿ ತನ್ನ ಅಪ್ಪಗ ಬಾಗಿದ್ಲು. ಅಪ್ಪ ತಲಿ ಮ್ಯಾಲೆ ಕೈ ಇಟ್ಟ. ಅದಕ್ಕ ಅಳತಾಳ. ಮಾಸ್ತರ, ಸಿಟ್ಟಿಗೆ ಅಲ್ಲ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಶಾಂತವ್ವ ಸೌಟು ತೋರಿಸಿದಳು. ಮುಚ್ಚಿದೆ.

ಮಾವ ಹಲ್ಲಿನ ಸಾಲನ್ನು ಧೋತರದಿಂದ ಒರೆಸಿ ಬಾಯಲ್ಲಿಟ್ಟುಕೊಂಡು, ಹೊರಸಿನಿಂದ ಇಳಿದು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಮುದುಕರಿಗೆ ಹಿಂದೂಸ್ತಾನಿ ಬಾರದು, ಆಕೆಗೆ ಕನ್ನಡ ಬಾರದು.

"ಅಪ್ಪ ಇಲ್ಲೇನವ್ವಾ ನಿನಗ? ಇರ್ಲಿ, ನಾ ಅದೀನಿ. ಕಣ್ಣ ಒರಸ್ಕೋ. ಈ ನನ್ನ ಅಳಿಯನ ಕೈಯಾಗ ಸಿಕ್ಕು ನಾನು ಉಳದೀನಿ ಅಂದ್ರ ನೀನು ಉಳೀತಿ. ಎದ್ದೇಳು, ಹಸಿವ್ಯಾಗೈತಿ."

ಕಡೆಯ ಮಾತಿಗೆ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದರು. ಅದು ಆಕೆಗೆ ಅರ್ಥವಾಯಿತು. ಕಣ್ಣೊರೆಸಿಕೊಂಡು ಎದ್ದರು.

ಅಲ್ಲಿಂದ ಮುಂದೆ ಹಬ್ಬವನ್ನು ನನ್ನ ಕೈಯಿಂದ ಕಸಿದುಕೊಳ್ಳಲಾಯಿತು. ಶಾಂತವ್ವ ಬಿಳಿಯದನ್ನೆಲ್ಲ ಕಿತ್ತು ಮೂಲೆಗೆ ಹಾಕಿ, ತನ್ನ ಇಳಕಲ್ಲ ಸೀರೆಯ ಕೆಂಪು ಸೆರಗು ಗೋಡೆಗೆ ಕಟ್ಟಿದಳು. ಮೇರಿಬಾಯಿ ಕೆಂಪು ಗಂಟು ಬಿಚ್ಚಿದರು. ಒಳಗೆ ಕೆಂ‍ಪು ಮೇಣಬತ್ತಿ, ಕೆಂಪು ಕಾಗದದಲ್ಲಿ ಕತ್ತರಿಸಿದ ಹೂಬಳ್ಳಿ. ಗೋಡೆಯ ಮಾಡದಿಂದ ಉದ್ದ ಶ್ಯಾವಿಗೆಯ ಸಿವುಡು ಇಳಿಯಿತು. ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ಕಡಬು ಮಡಚತೊಡಗಿದರು. ನಾನು ಬಾಗಿಲಲ್ಲಿ ನಿಂತು ಇಣುಕಿದೆ. ನಾವು ಮಾಂಸ ತಿನ್ನದವರೆಂದು ಒಳಗೆ ಕೋಬಿ, ಗಜ್ಜರಿ, ಹಸಿಶುಂಠಿ ಮಾತ್ರ. ಮೇರಿಬಾಯಿ ಕಣಕದ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ನಿರಿಗೆ ಹಿಡಿಯುತ್ತಿದ್ದರು, ನಮ್ಮಲ್ಲಿ ಕರಜಿಕಾಯಿಯ ಅಂಚು ಮಡಚಿದ ಹಾಗೇ! ಶಾಂತವ್ವ ಎರಡು ನೋಡಿದಳು, ಮೂರನೆಯದನ್ನು ತಾನೇ ಮಡಚಿದಳು. ನಾನೂ ಒಂದನ್ನು ಮಡಚಿದೆ. ಅದನ್ನು ಇಮಾಮಸಾಬನ ಆಡಿಗೆ ಹಾಕಿದರು.

ಊಟಕ್ಕೆ ಮುಂಚೆ ಗಂಡ-ಹೆಂಡತಿ ಮೇಣಬತ್ತಿಯ ಮುಂದೆ ನಿಂತು ಚೀನೀ ಭಾಷೆಯಲ್ಲಿ ದೇವರ ಹಾಡು ಹಾಡಿದರು. ಒಂದು ಅಕ್ಷರವೂ ತಿಳಿಯಲಿಲ್ಲ. ಆದರೂ ಸ್ವರಗಳು ಇಳಿದು ಏರುವ ಆ ಬಗೆ ಕೇಳಲು ಬಹಳ ಹಿತವಾಗಿತ್ತು. ಮಾವ ಭಜನೆಯಲ್ಲಿ ಕುಳಿತವರಂತೆ ತೊಡೆಯ ಮೇಲೆ ತಾಳ ಹಾಕಿದರು, ಒಂದು ಪೆಟ್ಟು ತಡವಾಗಿ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಮಾವನ ಕಿವಿಯಲ್ಲಿ ಹೇಳಿದೆ: "ಗಂಗಾಳದಾಗ ಒಂದ ತುಣುಕು ಬಿಡಬ್ಯಾಡ್ರಿ ಮಾವಾರ, ಅವರಿಗೆ ಅವಮಾನ ಆಗತೈತಿ." ಮಗಳ ಮನೆಯಲ್ಲಿ ಅನ್ನ ಚೆಲ್ಲುವ ಜಾತಿಯವರೇ ಅಲ್ಲ ಅವರು, ಒಪ್ಪಿದರು. ಬಡಿಸುವವರು ಮೇರಿಬಾಯಿ. ಹಬೆಯಾಡುವ ಕಡಬು ಮಲ್ಲಿಗೆಯ ಮೊಗ್ಗಿನಷ್ಟು ಮೃದು, ಜೊತೆಗೆ ನಮ್ಮ ಕೆಂಪು ಖಾರ. ತಿಂದು ಗಂಗಾಳ ಖಾಲಿ ಮಾಡಿದೆವು. ಆಕೆ ತುಂಬಿದರು. ಖಾಲಿ ಮಾಡಿದೆವು. ತುಂಬಿದರು. ಮಾವನಿಗೆ ಕಷ್ಟವೇನೂ ಇರಲಿಲ್ಲ. ಕಡಿಯುವ ಗೋಜಿಲ್ಲ, ಬಾಯಿಗಿಟ್ಟರೆ ಜಾರಿ ಹೋಗುತ್ತಿತ್ತು. ಅವರು ಜಾತ್ರೆಯ ಪೈಲ್ವಾನರ ಹಾಗೆ ತಿನ್ನುತ್ತಿದ್ದರು. ನನ್ನ ಸ್ಥಿತಿ ಬೇರೆ. ಉಸಿರು ಮೇಲಿನಿಂದ ಒಳಗೆ ಹೋಗಲು ಜಾಗ ಹುಡುಕುತ್ತಿತ್ತು.

"ಸಾಕಂತ ಹೇಳು!" ಎಂದು ಶಾಂತವ್ವನಿಗೆ ಕಣ್ಸನ್ನೆ ಮಾಡಿದೆ. ಅವಳು ನೋಡಿಯೂ ನೋಡದವಳಂತೆ ಆಚೆ ತಿರುಗಿದಳು.

ಕೊನೆಗೆ ನಾನು ಗೋಡೆಗೆ ಒರಗಿ ಕಣ್ಣು ಮೇಲೆ ಮಾಡಿದಾಗ ಡಾಕ್ಟರು ಗಾಬರಿಯಾಗಿ ಬಂದರು. "ಮಾಸ್ತರ, ಯಾಕ ಎಲ್ಲಾ ತಿಂದ್ರಿ? ನಮ್ಮಲ್ಲಿ ಸ್ವಲ್ಪ ಬಿಡಬೇಕು. ಬಿಟ್ಟರ ಹೊಟ್ಟಿ ತುಂಬೈತಿ ಅಂತ. ಖಾಲಿ ಮಾಡಿದ್ರ ಇನ್ನಾ ಹಸಿವು ಐತಿ ಅಂತ. ಅದಕ್ಕ ಆಕಿ ಹಾಕ್ತಾಳ!"

ಶಾಂತವ್ವ ಗೋಡೆಗೆ ಕೈಯಾನಿಸಿ ನಕ್ಕಳು. ಡಾಕ್ಟರು ತಮ್ಮ ಭಾಷೆಯಲ್ಲಿ ತಿರುಗಿಸಿ ಹೇಳಿದ ಮೇಲೆ ಮೇರಿಬಾಯಿಯೂ ನಕ್ಕರು. ಆಕೆ ವಿಜಾಪುರಕ್ಕೆ ಬಂದ ಮೇಲೆ ಮೊದಲ ಸಲ ನಕ್ಕದ್ದು ಎಂದು ಡಾಕ್ಟರು ಹೇಳಿದರು. ಎಂಥ ಒಳ್ಳೆಯ ನಗು! ನನಗೆ ಏಳಲು ಬರುತ್ತಿದ್ದರೆ ನಾನೂ ಸಂತೋಷಪಡುತ್ತಿದ್ದೆ.

ಅವರು ಕಲ್ಕತ್ತೆಗೆ ಹೋಗಲಿಲ್ಲ. ಇಕ್ಕಳಗಳು ಅರಿವೆಯಿಂದ ಹೊರಬಂದವು. ಎಳ್ಳಮಾಸಿಯ ಹೊತ್ತಿಗೆ ಮೇಲಿನ ಸಾಲು ತಯಾರಾಗಿ, ಎಲ್ಲರೂ ಬಬಲೇಶ್ವರದ ಹೊಲಕ್ಕೆ ಹೋದೆವು. ಮೇರಿಬಾಯಿ ತಮ್ಮ ಕೈಯಾರೆ ಸಜ್ಜಿ ರೊಟ್ಟಿ ಮುಂದೆ ಹಿಡಿದರು. ಮಾವ ಕಚ್ಚಿದರು. ಕಟಂ! ಬದುವಿನ ಆಚೆಯವರಿಗೂ ಕೇಳಿಸಿತು.

ಇದರ ಕೀರ್ತಿ ಯಾರಿಗೆ ಸಲ್ಲಬೇಕು? ಡಾಕ್ಟರಿಗೆ ಸಂದಿತು, ಮೇರಿಬಾಯಿಗೆ ಸಂದಿತು, ಶ್ಯಾವಿಗೆ ಮುಚ್ಚಿಟ್ಟ ಶಾಂತವ್ವನಿಗೂ ಸಂದಿತು. ನನ್ನ ಪಾಲಿಗೆ ಬಂದದ್ದು ಬೇರೆಯೇ. ಜೀವಂತ ಮಾವನ ಅಂತ್ಯಕ್ರಿಯೆ ಮಾಡಿದ ಅಳಿಯ ಎಂದು ಬಬಲೇಶ್ವರದ ತುಂಬ ಹೆಸರಾಯಿತು. ಸಾಲದ್ದಕ್ಕೆ ಮಾವ ಕಟ್ಟೆಯ ಮೇಲೆ ಕುಳಿತು, ಬದುಕಿರುವಾಗ ಸತ್ತ ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದೆ, ತಮಗಂತೂ ಕಾರ್ಯವೇ ಆಗಿಬಿಟ್ಟಿದೆ, ಇನ್ನು ಇಪ್ಪತ್ತು ವರ್ಷ ಚಿಂತೆಯಿಲ್ಲ ಎಂದು ಎರಡೂ ಸಾಲು ಹಲ್ಲು ತೋರಿಸಿ ಸಾರತೊಡಗಿದರು.

ಒಂದು ದಿನ ಶಾಲೆಯಿಂದ ಮನೆಗೆ ಬಂದರೆ ಪಡಸಾಲೆಯ ಹೊರಸಿನ ಮೇಲೆ ಯಾರೋ ಮುದುಕ ಕೈಕಾಲು ನೀಡಿ ನೆಟ್ಟಗೆ ಮಲಗಿದ್ದ. ಜೈನಾಪುರದವನಂತೆ. ಒಗೆದ ಧೋತರ ತಾನೇ ತಂದು ಹೊದ್ದುಕೊಂಡಿದ್ದ.

"ಬರ್ರಿ ಮಾಸ್ತರ. ನನಗೂ ಒಂದು ಚೀನಾದ್ದು ಮಾಡಿ ಬಿಡ್ರಿ. ಎದಿ ಸ್ವಲ್ಪ ಹಿಡದಂಗ ಆಗತೈತಿ."

ನಾನು ಭೂಗೋಳದ ಮಾಸ್ತರ, ನನಗೆ ಇದೆಲ್ಲ ತಿಳಿಯದು, ಅವತ್ತು ಆದದ್ದು ತಪ್ಪಿನಿಂದ ಎಂದು ಕೈಮುಗಿದು ಹೇಳಿದೆ. ಚೀನಾ ದೇಶದ ಬಗ್ಗೆ ನನಗೆ ಏನೂ ಗೊತ್ತಿಲ್ಲವೆಂದು ನಾನು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು.

"ಇರ್ಲಿ ಬಿಡ್ರಿ, ಮಾಡ್ತಾ ಮಾಡ್ತಾ ಕೈ ಪಳಗತೈತಿ" ಎಂದು ಅವನು ಕಣ್ಣು ಮುಚ್ಚಿಕೊಂಡ.

ಒಳಗಿನಿಂದ ಶಾಂತವ್ವ ಕೇಳಿದಳು: "ಊದಿನಕಡ್ಡಿ ತರಲೇನ್ರಿ?"